ಬೀಟೆ ಮೇಜು, ಒಡೆದ ಮಾರ್ಬಲ್, ಐದು ಬಗೆ ಅಂಟು: ನಾಪೋಕ್ಲು ಕಡೆಯ ಒಂದು ಪ್ರಕರಣ

ಹಳೆ ಸಾಮಾನು ಸರಿಮಾಡಲು ಹೊರಟವರು ಮೊದಲು ಕೇಳುವುದು "ಯಾವ ಅಂಟು ಗಟ್ಟಿ?" ಅಂತ. ಈಗ ಅಂಗಡಿಯಲ್ಲಿ ಸಿಗುವ ಅಂಟುಗಳಲ್ಲಿ ಹೆಚ್ಚಿನವು ಬೇಕಾದ್ದಕ್ಕಿಂತ ಜಾಸ್ತಿಯೇ ಗಟ್ಟಿ. ಕೇಳಬೇಕಾದ್ದು ಬೇರೆ. ಈ ಜಾಗದಲ್ಲಿ ಮರ ಹಿಗ್ಗಿ ಕುಗ್ಗುತ್ತದಾ? ನೀರು ತಾಗುತ್ತದಾ? ಮುಂದೆ ಯಾರಾದರೂ ಇದನ್ನು ಬಿಚ್ಚಬೇಕಾಗುತ್ತದಾ? ಇದಕ್ಕೂ ಮೊದಲು, ಇಲ್ಲಿ ಅಂಟು ಬೇಕೇ ಬೇಕಾ? ಒಂದೇ ಮೇಜಿನಲ್ಲಿ ಈ ಅಷ್ಟೂ ಪ್ರಶ್ನೆಗಳು ಒಟ್ಟಿಗೆ ಎದುರಾದ ಪ್ರಕರಣ ಇದು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದ ಮನೆ. ಮೇಜು ಅಂದರೆ ಊಟದ ಮೇಜಲ್ಲ, ಮುಖ ತೊಳೆಯುವ ಮೇಜು. ಮನೆಯೊಳಗೆ ನಲ್ಲಿ ಬರುವ ಮೊದಲು ಮಲಗುವ ಕೋಣೆಯಲ್ಲಿ ನೀರಿನ ಹೂಜಿ, ಬೇಸಿನ್ ಇಡಲು ಇಂಥವನ್ನು ಮಾಡಿಸುತ್ತಿದ್ದರು. ನಾಲ್ಕು ಕಾಲು, ಅಡ್ಡಪಟ್ಟಿ, ಎರಡು ಡ್ರಾಯರ್, ಎಲ್ಲ ಬೀಟೆ. ಮೇಲೆ ಬಿಳಿ ಮಾರ್ಬಲ್ ಚಪ್ಪಡಿ, ಸುಮಾರು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಹಿಂಬದಿಯಲ್ಲಿ ನೀರು ಗೋಡೆಗೆ ಸಿಡಿಯದ ಹಾಗೆ ಮರದ ಚೌಕಟ್ಟಿನೊಳಗೆ ಕೂರಿಸಿದ ಬಣ್ಣದ ಟೈಲ್‌ಗಳ ಸಾಲು. ಬದಿಗೆ ಟವೆಲ್ ಹಾಕುವ ಹಿತ್ತಾಳೆ ಸರಳು.

ನಾನು ನೋಡುವ ಹೊತ್ತಿಗೆ ಇಡೀ ಮೇಜು ಅಲ್ಲಾಡುತ್ತಿತ್ತು. ಮಾರ್ಬಲ್ ಅಡ್ಡಕ್ಕೆ ಎರಡು ತುಂಡಾಗಿತ್ತು. ಒಂದು ಟೈಲ್ ಮೂರು ಚೂರು. ಒಂದು ಡ್ರಾಯರಿನ ತಳದ ಹಲಗೆ ಉದ್ದಕ್ಕೆ ಸೀಳಿತ್ತು. ಹಿಂದಿನ ಒಂದು ಕಾಲಿನ ಬುಡ ತೇವ ಕುಡಿದು ಕುಡಿದು ಬೆರಳಿಗೆ ಪುಡಿಯಾಗಿ ಬರುತ್ತಿತ್ತು. ಹಿತ್ತಾಳೆ ಸರಳು ಕೈಗೆ ಕಳಚಿ ಬಂತು.

ಮನೆಯ ಅಕ್ಕನಿಗೆ ಇದನ್ನು ಉಳಿಸಿಕೊಳ್ಳಬೇಕಿತ್ತು. ಅವರ ಅತ್ತೆ ಮದುವೆಯಾಗಿ ಬಂದಾಗಿನಿಂದ ಅವರ ಕೋಣೆಯಲ್ಲೇ ಇದ್ದ ಮೇಜು. ಅಲ್ಲದೆ ಬೀಟೆ ಅಂದರೆ ಪೇಟೆಗೆ ಹೋಗಿ ಇನ್ನೊಂದು ತರುವ ಮರವಲ್ಲ, ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಇರುವ ಮರವನ್ನು ಹಾಳು ಮಾಡದೆ ಕೆಲಸ ಮಾಡಬೇಕು ಅನ್ನುವುದು ಮೊದಲೇ ತೀರ್ಮಾನವಾಗಿತ್ತು.

ಮಳೆಗಾಲದಲ್ಲಿ ಬಿಚ್ಚಿದ್ದು, ಚಳಿಗಾಲದಲ್ಲಿ ಅಂಟಿಸಿದ್ದು

ಅವರು ನನ್ನನ್ನು ಕರೆಸಿದ್ದು ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳಲ್ಲಿ. ಹೊರಗೆ ಮಳೆ ಬಿಡುವೇ ಕೊಡುತ್ತಿರಲಿಲ್ಲ. "ಅಣ್ಣಾ, ಕೈಲ್‌ಪೊಳ್ದ್‌ಗೆ ನೆಂಟರು ಬರ್ತಾರೆ, ಅಷ್ಟರೊಳಗೆ ಆಗುತ್ತಾ?" ಅಂತ ಕೇಳಿದರು. "ಅಕ್ಕಾ, ಈಗ ಬಿಚ್ಚಿ ಇಡ್ತೀನಿ, ಅಂಟಿಸೋದು ಪುತ್ತರಿ ಕಳೆದ ಮೇಲೆ" ಅಂದೆ. ಕೈಲ್‌ಪೊಳ್ದ್ ಸೆಪ್ಟೆಂಬರ್ ಮೊದಲಲ್ಲಿ ಬರುವ ಹಬ್ಬ, ಪುತ್ತರಿ ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ. ಅವರಿಗೆ ಇಷ್ಟವಾಗಲಿಲ್ಲ. ಆದರೆ ಕೊಡಗಿನಲ್ಲಿ ಇದರಲ್ಲಿ ರಾಜಿ ಮಾಡಿಕೊಳ್ಳಬಾರದು.

ಕಾರಣ ಹೇಳುತ್ತೇನೆ. ಮರ ಸುತ್ತಲಿನ ಗಾಳಿಯ ತೇವಕ್ಕೆ ತಕ್ಕ ಹಾಗೆ ನೀರು ಹೀರುತ್ತದೆ, ಬಿಡುತ್ತದೆ. ಗಾಳಿಯ ತೇವಾಂಶ 50 ಶೇಕಡಾ ಇದ್ದಾಗ ಮರದೊಳಗಿನ ನೀರು ಸುಮಾರು 9 ಶೇಕಡಾಕ್ಕೆ ಬಂದು ನಿಲ್ಲುತ್ತದೆ. 80ಕ್ಕೆ ಏರಿದರೆ ಮರದಲ್ಲಿ 16 ಆಗುತ್ತದೆ, 90ಕ್ಕೆ ಹೋದರೆ 20ರ ಹತ್ತಿರ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಇರುವುದೇ ಈ 80-90ರ ಲೆಕ್ಕದಲ್ಲಿ, ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಕಾಲ ಅದು. ಆಗ ಬಿಗಿಯಾಗಿ ಕೂರಿಸಿದ ಜಾಯಿಂಟ್ ಮಾರ್ಚ್‌ನಲ್ಲಿ ಮರ ಒಣಗಿ ಕುಗ್ಗಿದಾಗ ಸಡಿಲವಾಗುತ್ತದೆ. ಅಂಟು ಒಳ್ಳೆಯದೇ ಇದ್ದರೂ ಅದರ ಮೇಲೆ ಎಳೆತ ಬೀಳುತ್ತದೆ. ಇನ್ನು ಫೆವಿಕಾಲ್ ತರದ ನೀರಿನ ಬಿಳಿ ಅಂಟು ಒಣಗಬೇಕಾದರೆ ಅದರೊಳಗಿನ ನೀರು ಮರದೊಳಗೆ ಇಳಿಯಬೇಕು. ಮರವೇ ನೀರಿನಿಂದ ತುಂಬಿದ್ದರೆ ಅದು ಎಲ್ಲಿಗೆ ಹೋಗಬೇಕು?

ಬಿಚ್ಚಿದ ಭಾಗಗಳಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಡುಗೆಮನೆ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ನಡುವೆ ಗಾಳಿ ಆಡುವ ಹಾಗೆ ಪಟ್ಟಿ ಕೊಟ್ಟು ಪೇರಿಸಿದೆವು. ಒಲೆ ಮೇಲಿನ ಅಟ್ಟದಲ್ಲಿ ಇಡೋಣ, ಬೇಗ ಒಣಗುತ್ತದೆ ಅಂತ ಅತ್ತೆ ಹೇಳಿದರು. ಬೇಡ ಅಂದೆ. ಮೆಣಸು ಒಣಗಿಸುವ ವೇಗದಲ್ಲಿ ಹಳೆ ಬೀಟೆಯನ್ನು ಒಣಗಿಸಿದರೆ ತುದಿಯಿಂದ ಬಿರುಕು ಬಿಡುತ್ತದೆ. ಜನವರಿ ಹೊತ್ತಿಗೆ ತೇವಾಂಶ ನೋಡುವ ಮೀಟರಿನ ಮುಳ್ಳು ಚುಚ್ಚಿ ನೋಡಿದಾಗ 12ರ ಆಸುಪಾಸು ತೋರಿಸಿತು. ಆಗಸ್ಟ್‌ನಲ್ಲಿ ಅದೇ ಪಟ್ಟಿ 19 ತೋರಿಸಿತ್ತು.

ಒಳಗೆ ಏನಿತ್ತು

ಹಳೆ ಸಾಮಾನಿಗೆ ಯಾವ ಅಂಟು ಅಂತ ತೀರ್ಮಾನಿಸುವ ಮೊದಲು ಅದರಲ್ಲಿ ಈಗಾಗಲೇ ಯಾವ ಅಂಟು ಇದೆ ಅಂತ ನೋಡಲೇಬೇಕು. ಈ ಮೇಜಿನ ಜಾಯಿಂಟ್‌ಗಳು ಒಂದು ಮರದ ತುದಿಯ ನಾಲಗೆ ಇನ್ನೊಂದು ಮರದ ಗೂಡಿನೊಳಗೆ ಕೂರುವ ಬಗೆಯವು. ಮುಂದಿನ ಎರಡು ಕಾಲಿನ ಗೂಡುಗಳಲ್ಲಿ ಕಂದು ಬಣ್ಣದ, ಗಾಜಿನ ಚೂರಿನ ಹಾಗೆ ಸಿಡಿಯುವ ಒಣ ಅಂಟಿತ್ತು. ಅದರ ಮೇಲೆ ಬಿಸಿನೀರಿನ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾದು ಬೆರಳಿಟ್ಟರೆ ಮತ್ತೆ ಜಿಗುಟಾಯಿತು. ಮೂಸಿದರೆ ಚರ್ಮದ ವಾಸನೆ. ಇದು ಸರೇಸು. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅದಕ್ಕೆ ಮೊದಲು ನಮ್ಮ ಬಡಗಿಗಳ ಅಂಟು ಇದೇ.

ಹಿಂದಿನ ಕಾಲುಗಳ ಕತೆ ಬೇರೆ. ಅಲ್ಲಿ ಸರೇಸಿನ ಮೇಲೆಯೇ ಯಾರೋ ಬಿಳಿ ಅಂಟು ಸುರಿದಿದ್ದರು. ಒದ್ದೆ ಬಟ್ಟೆ ಸುತ್ತಿ ಇಟ್ಟರೆ ಅದು ಮತ್ತೆ ಬೆಳ್ಳಗಾಗಿ ರಬ್ಬರಿನ ಪೊರೆ ತರ ಎದ್ದು ಬಂತು. ಹಳೆ ಅಂಟನ್ನು ಕೆರೆಯದೆ ಹಾಕಿದ್ದರಿಂದ ಅದು ಮರವನ್ನು ಹಿಡಿದೇ ಇರಲಿಲ್ಲ, ಒಳಗೆ ಸುಮ್ನೆ ತುಂಬಿಕೊಂಡಿತ್ತು. ಅದು ಹಿಡಿಯಲಿಲ್ಲ ಅಂತ ಆಮೇಲೆ ಎರಡು ಮೊಳೆ ಹೊಡೆದಿದ್ದರು. ಮೊಳೆ ತುಕ್ಕು ಹಿಡಿದು ಸುತ್ತಲಿನ ಬೀಟೆ ಕಪ್ಪಾಗಿತ್ತು.

ಮಾರ್ಬಲ್ ಎತ್ತಲು ಹೋದಾಗ ಮುಖ್ಯ ವಿಷಯ ಗೊತ್ತಾಯಿತು. ಚಪ್ಪಡಿಯ ಅಡಿಯಲ್ಲಿ ಅಗಲವಾದ ಬೀಟೆ ಹಲಗೆ ಇದೆ. ಆ ಹಲಗೆಗೂ ಮಾರ್ಬಲ್‌ಗೂ ಮಧ್ಯೆ ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ಪುಟ್ಟಿಯನ್ನು ಉದ್ದಕ್ಕೂ ಬಳಿದು ಅಂಟಿಸಿದ್ದರು. ಹಳಬರು ಹಾಗೆ ಮಾಡುತ್ತಿರಲಿಲ್ಲ. ಅಷ್ಟು ಭಾರದ ಕಲ್ಲು ತನ್ನ ತೂಕದಲ್ಲೇ ಕೂರುತ್ತದೆ. ಮೂಲದಲ್ಲಿ ಅದು ಹಾಗೇ ಕೂತಿತ್ತು ಅನ್ನುವುದಕ್ಕೆ ಹಲಗೆಯ ಮೇಲೆ ಪುಟ್ಟಿಯ ಕೆಳಗೆ ಹಳೆ ಪಾಲಿಶಿನ ಗುರುತು ಹಾಗೇ ಇತ್ತು. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಆದರೆ ಅಗಲಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಒಂದೂವರೆ ಅಡಿ ಅಗಲದ ಹಲಗೆ ನಮ್ಮ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಕೆಲವು ಮಿಲಿಮೀಟರ್ ವ್ಯತ್ಯಾಸವಾಗುತ್ತದೆ, ಬಾಗಲೂಬಹುದು. ಮಾರ್ಬಲ್ ಒಂದು ಕೂದಲೆಳೆಯಷ್ಟೂ ಹಿಗ್ಗಲು ಒಪ್ಪುವುದಿಲ್ಲ. ಮೇಲಿಂದ ಎಷ್ಟು ಭಾರ ಹೇರಿದರೂ ತಡೆಯುವ ಕಲ್ಲು, ಬಾಗಿಸಿದರೆ, ಎಳೆದರೆ ಬೇಗ ಸೋಲುತ್ತದೆ. ಇಬ್ಬರನ್ನೂ ಬಿಡಿಸಲಾಗದ ಹಾಗೆ ಕಟ್ಟಿದಾಗ ಮುರಿದದ್ದು ಕಲ್ಲು.

ಡ್ರಾಯರಿನ ತಳದ್ದೂ ಅದೇ ಕತೆ. ತಳದ ಹಲಗೆ ಸುತ್ತಲಿನ ಗಾಡಿಯಲ್ಲಿ (ಹಲಗೆಯ ಅಂಚು ಕೂರಲು ಕೊರೆದ ಉದ್ದನೆಯ ತೋಡಿನಲ್ಲಿ) ಸಡಿಲವಾಗಿ ಕೂತು ಆಚೀಚೆ ಸರಿಯಬೇಕು, ಅದಕ್ಕೇ ಗಾಡಿ ಮಾಡುವುದು. ಯಾರೋ ಅಲ್ಲಾಡುತ್ತದೆ ಅಂತ ಎರಡೂ ಬದಿಗೆ ಅಂಟು ತುಂಬಿದ್ದರು. ಬೇಸಿಗೆಯಲ್ಲಿ ಕುಗ್ಗಲು ಜಾಗ ಸಿಗದೆ ಹಲಗೆ ನಡುವೆ ಸೀಳಿತ್ತು.

ಅಂದರೆ ಈ ಮೇಜಿನ ದೊಡ್ಡ ಹಾನಿಗಳಲ್ಲಿ ಎರಡು, ಅಂಟು ಸೋತು ಆದದ್ದಲ್ಲ. ಅಂಟು ಸೋಲದೆ ಆದದ್ದು.

ಆಚಾರ್ರ ಜೊತೆಗಿನ ಚರ್ಚೆ

ಮರದ ಕೆಲಸಕ್ಕೆ ನನ್ನ ಜೊತೆ ಬಂದವರು ವಿರಾಜಪೇಟೆ ಕಡೆಯ ಆಚಾರ್ರು, ಕೈ ತುಂಬ ಚೆನ್ನಾಗಿದೆ. ಅವರ ಮಾತು ನೇರ. "ಫೆವಿಕಾಲ್ ಮರೀನ್ ಹಾಕಿಬಿಡಿ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಿಚ್ಚಲ್ಲ."

"ಆಚಾರ್ರೇ, ಬಿಚ್ಚಲ್ಲ ಅನ್ನೋದೇ ನನಗೆ ಭಯ" ಅಂದೆ. ಅವರು ನಕ್ಕರು, ಆದರೆ ಮಾತು ಮುಂದುವರಿಯಿತು.

ಅವರ ವಾದದಲ್ಲಿ ತಿರುಳಿದೆ. ಬಿಳಿ ಅಂಟಿನಲ್ಲಿ ಮಾಮೂಲಿಯದು ಬೇರೆ, ಮರೀನ್ ತರ ನೀರು ತಡೆಯುವುದು ಬೇರೆ. ಯುರೋಪಿನ ಮಾನದಂಡದಲ್ಲಿ ಇವನ್ನು ಡಿ1ರಿಂದ ಡಿ4ರವರೆಗೆ ವಿಂಗಡಿಸುತ್ತಾರೆ. ಡಿ1 ಒಣ ಜಾಗಕ್ಕೆ ಮಾತ್ರ, ಡಿ3, ಡಿ4 ನೀರು ತಾಗುವ ಜಾಗಕ್ಕೆ. ಕೊಡಗಿನಲ್ಲಿ ಹೊಸ ಕಿಟಕಿ, ಅಡುಗೆಮನೆ ಬಾಗಿಲು, ಬಚ್ಚಲುಮನೆ ಕಪಾಟು ಮಾಡಿಸುವವರು ನೀರು ತಡೆಯುವ ಬಿಳಿ ಅಂಟನ್ನೇ ಹಾಕಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಮಾಮೂಲಿ ಬಿಳಿ ಅಂಟು ಇಲ್ಲಿನ ತೇವಕ್ಕೆ ಮೆತ್ತಗಾಗುತ್ತದೆ, ಭಾರ ಬೀಳುವ ಜಾಗದಲ್ಲಿ ನಿಧಾನವಾಗಿ ಜಾರುತ್ತದೆ ಕೂಡ.

ಆದರೆ ಇದು ಹೊಸ ಮೇಜಲ್ಲ. ನೂರು ವರ್ಷದ ಮೇಜಿಗೆ ಮುಂದಿನ ನೂರು ವರ್ಷದಲ್ಲಿ ಮತ್ತೆ ರಿಪೇರಿ ಬಂದೇ ಬರುತ್ತದೆ. ಆಗ ಜಾಯಿಂಟ್ ಬಿಚ್ಚಬೇಕು. ಸರೇಸು ಹಾಕಿದ್ದರೆ ಬಿಸಿ ಮತ್ತು ತೇವ ಕೊಟ್ಟರೆ ಸಾಕು, ಮರಕ್ಕೆ ಪೆಟ್ಟಾಗದೆ ಬಿಡುತ್ತದೆ. ಎಪಾಕ್ಸಿ ಹಾಕಿದ್ದರೆ ನಾಲಗೆ ಮುರಿಯುತ್ತದೆ. ಯಾರಾದರೂ ಭಾರ ಹಾಕಿದಾಗ ಜಾಯಿಂಟ್ ಬಿಡಬೇಕೇ ಹೊರತು ಬೀಟೆ ಸೀಳಬಾರದು. ಇನ್ನೊಂದು ಗುಣವೂ ಇದೆ. ಹಳೆ ಸರೇಸಿನ ಮೇಲೆ ಹೊಸ ಸರೇಸು ಹಾಕಿದರೆ ಎರಡೂ ಕರಗಿ ಒಂದಾಗುತ್ತವೆ. ಮುಂದಿನ ಎರಡು ಕಾಲಿನ ಗೂಡುಗಳಲ್ಲಿ ಹಳೆಯದನ್ನು ಪೂರ್ತಿ ಕೆರೆದು ತೆಗೆಯುವ ಅಗತ್ಯವೇ ಇರಲಿಲ್ಲ. ಬಿಳಿ ಅಂಟು ಒಣಗಿದ ಬಿಳಿ ಅಂಟಿನ ಮೇಲೂ ಸರಿಯಾಗಿ ಹಿಡಿಯುವುದಿಲ್ಲ, ಸರೇಸಿನ ಮೇಲೂ ಹಿಡಿಯುವುದಿಲ್ಲ.

"ನಮ್ಮ ಮಳೆಗೆ ಸರೇಸು ನಿಲ್ಲುತ್ತಾ?" ಅಂತ ಆಚಾರ್ರು ಕೇಳಿದರು. ಸರಿಯಾದ ಪ್ರಶ್ನೆ. ನಿಂತ ನೀರಿಗೆ, ಸೋರುವ ಗೋಡೆಗೆ ಅದು ನಿಲ್ಲುವುದಿಲ್ಲ, ಬೂಷ್ಟು ಕೂಡ ಹಿಡಿಯುತ್ತದೆ. ಆದರೆ ಈ ಮೇಜಿನ ಮುಂದಿನ ಜಾಯಿಂಟ್‌ಗಳು ಇಷ್ಟೊಂದು ಮಳೆಗಾಲ ಕಳೆದು ಈಗ ಸಡಿಲವಾಗಿವೆ ಅಷ್ಟೇ, ಬಿಟ್ಟಿಲ್ಲ. ಬಿಟ್ಟದ್ದು ಹಿಂದಿನವು, ಗೋಡೆಯ ತೇವ ತಾಗುವ ಕಡೆ. ಮೇಜಿನ ಮೇಲೆ ಈಗ ಯಾರೂ ನೀರು ಬಳಸುವುದಿಲ್ಲ. ಮೇಜನ್ನು ಗೋಡೆಯಿಂದ ಒಂದು ಗೇಣು ದೂರ ಇಡುವುದು, ಹೊರಮೈಗೆ ಸ್ಪಿರಿಟ್ ಪಾಲಿಶ್ ಕೊಡುವುದು ಅಂತ ಒಪ್ಪಂದವಾಯಿತು. ಅರಗಿನ ಆ ಪಾಲಿಶ್ ಗಾಳಿಯ ತೇವ ಮರದೊಳಗೆ ಬೇಗ ಇಳಿಯದ ಹಾಗೆ ಚೆನ್ನಾಗಿ ತಡೆಯುತ್ತದೆ.

ಒಂದು ಜಾಗದಲ್ಲಿ ಆಚಾರ್ರು ಹೇಳಿದ್ದೇ ಸರಿ. ಪುಡಿಯಾದ ಕಾಲಿನ ಬುಡ. ಅಲ್ಲಿ ಹಾಳಾದ ಭಾಗ ಕತ್ತರಿಸಿ ಹಳೆ ಬೀಟೆಯದೇ ಒಂದು ತುಂಡು ಸೇರಿಸಬೇಕಿತ್ತು. ನೆಲ ಒರೆಸುವಾಗಲೆಲ್ಲ ಅಲ್ಲಿಗೆ ನೀರು ತಾಗುತ್ತದೆ. ಮುಂದೆ ಯಾರಾದರೂ ರಿಪೇರಿ ಮಾಡಿದರೂ ಆ ತುಂಡನ್ನು ಬಿಚ್ಚುವುದಿಲ್ಲ, ಕತ್ತರಿಸಿ ಬಿಸಾಕುತ್ತಾರೆ. ಹಾಗಾಗಿ ಬಿಚ್ಚಲು ಬರಬೇಕು ಅನ್ನುವ ಷರತ್ತು ಅಲ್ಲಿಗೆ ಅನ್ವಯಿಸುವುದೇ ಇಲ್ಲ. ನೀರು ತಡೆಯುವ ಬಿಳಿ ಅಂಟನ್ನೇ ಹಾಕಿದೆವು. ಕಾಲನ್ನು ನೇರ ಅಡ್ಡಕ್ಕೆ ಕೊಯ್ದು ತುಂಡು ಇಟ್ಟರೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ, ಮರದ ಅಡ್ಡ ಕೊಯ್ತ ಅಂಟನ್ನೆಲ್ಲ ಹೀರಿಬಿಡುತ್ತದೆ. ಆಚಾರ್ರು ಉದ್ದವಾದ ಓರೆ ಕೊಯ್ತ ಕೊಟ್ಟು, ಎರಡು ಮುಖ ಬೆಳಕು ಕಾಣದ ಹಾಗೆ ಕೂರಿಸಿದರು. ಅಂಟಿಗಿಂತ ಆ ಕೊಯ್ತವೇ ಮುಖ್ಯ. ಮಧ್ಯಾಹ್ನ ಬಿಸಿಲು ಇದ್ದಾಗ ಹಚ್ಚಿದೆವು, ರಾತ್ರಿ ಕೋಣೆಯೊಳಗೆ ಇಟ್ಟೆವು. ಜನವರಿಯ ನಮ್ಮ ರಾತ್ರಿಯ ಚಳಿಯಲ್ಲಿ ಹೊರಗೆ ಬಿಟ್ಟರೆ ಬಿಳಿ ಅಂಟು ಪುಡಿಪುಡಿಯಾಗಿ ಒಣಗಿ ಬಲವೇ ಇಲ್ಲದ ಹಾಗಾಗುತ್ತದೆ.

ಸರೇಸು ಕಾಯಿಸಿದ್ದು

ಮೊದಲು ಮನೆಯವರನ್ನು ಕೇಳಿದೆ. ಸರೇಸು ಯಾವುದರಿಂದ ಬರುತ್ತದೆ ಅಂತ ಹೇಳದೆ ಯಾರ ಮನೆಯ ಸಾಮಾನಿಗೂ ಹಾಕಬಾರದು. ದೇವರ ಮಂಟಪ, ಪೂಜೆಯ ಪೀಠ ಆಗಿದ್ದರೆ ಅಂತೂ ಕೇಳಲೇಬೇಕು, ಬೇಡ ಅಂದರೆ ಬೇರೆ ಅಂಟು ನೋಡಬೇಕು. ಅತ್ತೆ ಸ್ವಲ್ಪ ಯೋಚಿಸಿ "ಮೊದಲೂ ಅದೇ ಇತ್ತಲ್ವಾ, ಹಾಕಿ" ಅಂದರು.

ಸರೇಸಿನ ಕಾಳುಗಳನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದರೆ ಬೆಳಿಗ್ಗೆ ನೆನೆದ ಸಾಬಕ್ಕಿಯ ಹಾಗೆ ಉಬ್ಬಿರುತ್ತವೆ. ಆ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯೊಳಗೆ ಇಟ್ಟು ಕರಗಿಸಬೇಕು. ನೇರ ಬೆಂಕಿ ಬೇಡ. ಸುಮಾರು 60 ಡಿಗ್ರಿ ಸಾಕು. ಕುದಿಸಿದರೆ ಅಂಟಿನ ಬಲ ಹೋಗುತ್ತದೆ, ವಾಸನೆಯೂ ಮನೆ ತುಂಬುತ್ತದೆ. ಬ್ರಷ್ ಎತ್ತಿದಾಗ ತುಂಡಾಗದೆ ತೆಳ್ಳಗೆ ಧಾರೆಯಾಗಿ ಇಳಿದರೆ ಹದ ಬಂತು ಅಂತ. ಗಟ್ಟಿಯಾಗಿ ಉಂಡೆ ಬಿದ್ದರೆ ಬಿಸಿನೀರು ಸ್ವಲ್ಪ ಸೇರಿಸಬೇಕು.

ಇದರಲ್ಲಿ ಕಷ್ಟ ಸಮಯದ್ದು. ತಣ್ಣಗಾದ ಕೂಡಲೇ ಸರೇಸು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಮೇಲೆ ಒತ್ತಿದರೆ ಪ್ರಯೋಜನವಿಲ್ಲ. ಬಯಲುಸೀಮೆಯಲ್ಲಿ ಸಿಗುವಷ್ಟು ಹೊತ್ತು ಕೊಡಗಿನ ಜನವರಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಹೇರ್ ಡ್ರೈಯರ್‌ನಿಂದ ನಾಲಗೆ, ಗೂಡು ಎರಡನ್ನೂ ಮೊದಲು ಬೆಚ್ಚಗೆ ಮಾಡಿಕೊಂಡೆವು, ಒಬ್ಬರು ಹಚ್ಚಿದ ತಕ್ಷಣ ಇನ್ನೊಬ್ಬರು ಕೂರಿಸುವುದು. ಅಂಟಿಲ್ಲದೆ ಒಮ್ಮೆ ಇಡೀ ಚೌಕಟ್ಟು ಜೋಡಿಸಿ, ಯಾವುದು ಮೊದಲು ಯಾವುದು ಆಮೇಲೆ ಅಂತ ನೋಡಿಕೊಂಡಿದ್ದೆವು. ಇದನ್ನು ಬಿಡಬೇಡಿ.

ಬೀಟೆಗೆ ಇನ್ನೊಂದು ವಿಶೇಷವಿದೆ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ. ಕೊರೆದು ಬಿಟ್ಟ ಮೇಲ್ಮೈಗೆ ಸ್ವಲ್ಪ ದಿನದಲ್ಲಿ ಒಳಗಿನ ಎಣ್ಣೆ ಬಂದು ಕೂರುತ್ತದೆ, ಅಂಟು ಅದರ ಮೇಲೆ ತೇಲುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಮಣಿಯಂತೆ ಉರುಟಾಗಿ ಕೂತರೆ ಅಂಟು ಹಿಡಿಯುವುದಿಲ್ಲ. ಹರಡಿ ಒಳಗಿಳಿದರೆ ಹಿಡಿಯುತ್ತದೆ. ಜೋರಾಗಿ ಉಜ್ಜುವುದು ಬೇಡ, ಉಪ್ಪುಕಾಗದದಲ್ಲಿ ಹಗುರವಾಗಿ ಒಮ್ಮೆ ತಿಕ್ಕಿ, ಅಸಿಟೋನ್ (ಎಣ್ಣೆ ಕರಗಿಸುವ ದ್ರವ) ಅದ್ದಿದ ಬಟ್ಟೆಯಲ್ಲಿ, ಬಟ್ಟೆಗೆ ನೇರಳೆ ಕಂದು ಬಣ್ಣ ಬರುವುದು ಕಡಿಮೆಯಾಗುವವರೆಗೆ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಬೇಕು. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಒಲೆ ಉರಿಯುವ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ, ಸರೇಸು ಕಾಯಿಸುವ ಜಾಗವೂ ದೂರ ಇರಲಿ. ಹಳೆ ಸರೇಸು ಇರುವ ಗೂಡುಗಳಿಗೆ ಇದೆಲ್ಲ ಬೇಕಾಗಿಲ್ಲ, ಹೊಸದಾಗಿ ಮರ ಕಂಡ ಜಾಗಕ್ಕೆ ಮಾತ್ರ.

ಹಿಂದಿನ ಒಂದು ನಾಲಗೆ ಸವೆದು ಗೂಡಿನೊಳಗೆ ಆಡುತ್ತಿತ್ತು. ಇಂಥಲ್ಲಿ ಎಪಾಕ್ಸಿ ತುಂಬಿಬಿಡುವ ಆಸೆ ಬರುತ್ತದೆ, ಸಂದು ತುಂಬುವುದರಲ್ಲಿ ಅದನ್ನು ಮೀರಿಸಿದ್ದಿಲ್ಲ. ನಾವು ನಾಲಗೆಯ ಎರಡೂ ಕೆನ್ನೆಗೆ ಬೀಟೆಯ ತೆಳು ಪಟ್ಟಿ ಅಂಟಿಸಿ, ಒಣಗಿದ ಮೇಲೆ ಗೂಡಿಗೆ ಸರಿಯಾಗಿ ಕೆತ್ತಿ ಕೂರಿಸಿದೆವು. ಮರದ ಜಾಗವನ್ನು ಮರವೇ ತುಂಬಬೇಕು. ಅಷ್ಟು ಉದ್ದದ ಕ್ಲ್ಯಾಂಪ್ ಇರಲಿಲ್ಲ, ಕಾಲುಗಳ ಸುತ್ತ ಹಗ್ಗ ಸುತ್ತಿ ಕೋಲು ಸಿಕ್ಕಿಸಿ ತಿರುಪಿ ಬಿಗಿದೆವು. ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು ಒಂದೇ ಬಂದರೆ ಚೌಕಟ್ಟು ಸೊಟ್ಟವಿಲ್ಲ ಅಂತ.

ಮಾರ್ಬಲ್

ಹಲಗೆಯಿಂದ ಬಿಡಿಸುವುದೇ ಅರ್ಧ ಕೆಲಸ. ಎಪಾಕ್ಸಿ ಬಿಸಿಗೆ ಮೆತ್ತಗಾಗುತ್ತದೆ ನಿಜ, ಆದರೆ ಒಡೆದ ಕಲ್ಲಿಗೆ ಬಿಸಿಗಾಳಿ ಹಿಡಿದರೆ ಇನ್ನೊಂದು ಬಿರುಕು ಬರಬಹುದು. ಹ್ಯಾಕ್ಸಾ ಬ್ಲೇಡನ್ನು ಕೈಯಲ್ಲೇ ಹಿಡಿದು ಸಂದಿನಲ್ಲಿ ನಿಧಾನವಾಗಿ ಆಡಿಸಿ ಕೊಯ್ದೆವು. ಬೇಸರದ ಕೆಲಸ, ಬೇರೆ ದಾರಿ ಇಲ್ಲ.

ಒಡೆದ ಎರಡು ತುಂಡು ಜೋಡಿಸಲು ಮಾತ್ರ ಎಪಾಕ್ಸಿಯೇ ಸರಿ. ಇಲ್ಲಿ ಎರಡೂ ಕಡೆ ಕಲ್ಲು, ಒಂದೇ ತರ ವರ್ತಿಸುತ್ತವೆ, ಹಿಗ್ಗುವ ಕುಗ್ಗುವ ಜಗಳ ಇಲ್ಲ. ಅಡ್ಡ ಒಡೆದಿರುವುದರಿಂದ ಎತ್ತುವಾಗ ಭಾರವೆಲ್ಲ ಆ ಗೆರೆಯ ಮೇಲೆ ಬೀಳುತ್ತದೆ, ಬಲ ಬೇಕೇ ಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವುದು ಬೇಡ, ನಿಧಾನವಾಗಿ ಗಟ್ಟಿಯಾಗುವುದು ತೆಗೆದುಕೊಳ್ಳಿ. ಅದಕ್ಕೆ ಬಲವೂ ಜಾಸ್ತಿ, ತೇವ ತಡೆಯುವ ಶಕ್ತಿಯೂ ಜಾಸ್ತಿ, ಸರಿಯಾಗಿ ಕೂರಿಸಲು ಹೊತ್ತೂ ಸಿಗುತ್ತದೆ. ಎರಡು ಟ್ಯೂಬಿನ ಪ್ರಮಾಣ ಪ್ಯಾಕೆಟ್ ಮೇಲೆ ಹೇಳಿದಂತೆಯೇ ಇರಲಿ. ಗಟ್ಟಿಕಾರಕ ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅನ್ನುವುದು ತಪ್ಪು, ಅದು ಕೊನೆಗೂ ಅಂಟಂಟಾಗಿಯೇ ಉಳಿಯುತ್ತದೆ.

ಒಡೆದ ಅಂಚನ್ನು ಅಸಿಟೋನಿನಲ್ಲಿ ಮಾತ್ರ ಒರೆಸಿದೆವು. ನಿಂಬೆಹುಳಿ, ವಿನೆಗರ್, ಬಚ್ಚಲು ತೊಳೆಯುವ ಆ್ಯಸಿಡ್ ಮಾರ್ಬಲ್ ಹತ್ತಿರ ಸುಳಿಯಬಾರದು, ಹುಳಿ ತಾಗಿದ ಕಡೆ ಕಲ್ಲು ಕರಗಿ ಹೊಳಪು ಹೋಗುತ್ತದೆ. ಸಮತಟ್ಟಾದ ಹಲಗೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗೆರೆಯ ಎರಡೂ ಬದಿಗೆ ಟೇಪ್ ಹಚ್ಚಿ, ಅಂಚಿನ ನಡುಭಾಗಕ್ಕೆ ಮಾತ್ರ ತೆಳುವಾಗಿ ಅಂಟು ಕೊಟ್ಟು ಒತ್ತಿದೆವು. ಉಗುರು ಆಡಿಸಿದರೆ ಎರಡು ತುಂಡಿನ ನಡುವೆ ತಡೆ ಸಿಗಬಾರದು, ಕಣ್ಣಿಗಿಂತ ಉಗುರನ್ನು ನಂಬಿ. ಉಕ್ಕಿ ಬಂದ ಅಂಟನ್ನು ಗಟ್ಟಿಯಾಗುವ ಮೊದಲೇ ಒರೆಸಿದೆವು. ಗೆರೆ ಹತ್ತಿರ ಬಂದರೆ ಕಾಣುತ್ತದೆ, ಎಪಾಕ್ಸಿ ಬೆಳಕಿಗೆ ವರ್ಷ ಕಳೆದಂತೆ ಹಳದಿಯಾಗುತ್ತದೆ ಕೂಡ. ಅಕ್ಕನಿಗೆ ಇದನ್ನು ಮೊದಲೇ ಹೇಳಿದ್ದೆ.

ಚಪ್ಪಡಿಯನ್ನು ಹಲಗೆಗೆ ಮತ್ತೆ ಅಂಟಿಸಲಿಲ್ಲ. ತೆಳುವಾದ ಕಾರ್ಕ್ ತುಂಡುಗಳನ್ನು ಅಲ್ಲಲ್ಲಿ, ಒಡೆದ ಗೆರೆಯ ಕೆಳಗೂ ಇಟ್ಟು ಸುಮ್ನೆ ಮೇಲಿಟ್ಟೆವು. ಹಲಗೆ ತನ್ನ ಪಾಡಿಗೆ ಹಿಗ್ಗಲಿ.

ಇಲ್ಲೊಂದು ವಿಷಯ. ಅಕ್ಕನ ಮಗ ಸಂದು ಮುಚ್ಚಲು ಸಿಲಿಕೋನ್ ಟ್ಯೂಬ್ ತಂದಿಟ್ಟಿದ್ದ. ಮುಚ್ಚಳ ತೆಗೆದರೆ ವಿನೆಗರ್ ವಾಸನೆ ಗಮ್ಮೆಂದು ಬಂತು. ಮಾಮೂಲಿ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ಅದು ಮಾರ್ಬಲ್ಲಿಗೂ ಕೆಡುಕು, ಹಿತ್ತಾಳೆಗೂ ಕೆಡುಕು, ಕನ್ನಡಿಯ ಹಿಂದಿನ ಬೆಳ್ಳಿ ಲೇಪಕ್ಕೂ ಕೆಡುಕು. ಇಂಥ ಕಡೆ ಹಾಕಲೇಬೇಕು ಅಂದರೆ "ನ್ಯೂಟ್ರಲ್" ಅಂತ ಬರೆದದ್ದನ್ನು ಕೇಳಿ ತರಬೇಕು. ಮರದ ಮೇಲೆ ಅದೂ ಬೇಡ. ಸಿಲಿಕೋನ್ ತಾಗಿದ ಮರಕ್ಕೆ ಮುಂದೆ ಪಾಲಿಶೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ.

ಟೈಲ್, ಮತ್ತೆ ಸಣ್ಣಪುಟ್ಟದ್ದು

ಮೂರು ಚೂರಾದ ಟೈಲಿಗೆ ಮನೆಯವರು ಫೆವಿಕ್ವಿಕ್ ತೆಗೆದಿಟ್ಟಿದ್ದರು. ಒಮ್ಮೆ ಕೂರಿಸಿದ್ದು ತಪ್ಪಿದರೆ ಸರಿಪಡಿಸಲು ಅದು ಸಮಯ ಕೊಡುವುದಿಲ್ಲ. ಮೂರು ಚೂರಿನಲ್ಲಿ ಮೊದಲಿನದು ಒಂದು ಎಳೆ ಸರಿದರೂ ಮೂರನೆಯದು ಕೂರುವುದೇ ಇಲ್ಲ. ಟೈಲಿನ ಮೇಲೆ ಭಾರವಿಲ್ಲ, ನೀರೂ ಇನ್ನು ಬೀಳುವುದಿಲ್ಲ. ಇಲ್ಲಿ ಬೇಕಾದ್ದು ತಪ್ಪಿದರೆ ಮತ್ತೆ ಬಿಡಿಸಲು ಬರುವ ಅಂಟು. ಮ್ಯೂಸಿಯಂಗಳಲ್ಲಿ ಮಡಕೆ, ಪಿಂಗಾಣಿ ಜೋಡಿಸಲು ಬಳಸುವ ಪ್ಯಾರಲಾಯ್ಡ್ ಬಿ-72 ಅನ್ನುವ ಅಕ್ರಿಲಿಕ್ ರಾಳವಿದೆ. ಹರಳಿನ ರೂಪದಲ್ಲಿ ಬರುತ್ತದೆ, ಅಸಿಟೋನಿನಲ್ಲಿ ಕರಗಿಸಿ ಹಚ್ಚಬೇಕು. ಬೇಡವಾದರೆ ಅಸಿಟೋನಿನಲ್ಲೇ ಬಿಡಿಸಬಹುದು, ಎಷ್ಟು ವರ್ಷ ಕಳೆದರೂ. ಹಳದಿಯಾಗುವುದಿಲ್ಲ ಅನ್ನುವಷ್ಟು ಕಡಿಮೆ. ಸುಮಾರು 40 ಡಿಗ್ರಿಗೆ ಮೆತ್ತಗಾಗತೊಡಗುವುದು ಅದರ ದೌರ್ಬಲ್ಯ. ರಾಯಚೂರಿನ ಬೇಸಿಗೆಯಾಗಿದ್ದರೆ ನಾನು ಎರಡು ಸಲ ಯೋಚಿಸುತ್ತಿದ್ದೆ, ಈ ಮನೆಯೊಳಗೆ ಅಷ್ಟು ಬಿಸಿ ಬರುವುದಿಲ್ಲ. ಪಡುವಣ ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಮಾತ್ರ ಬೇಡ ಅಂದೆ.

ಫೆವಿಕ್ವಿಕ್‌ಗೂ ಒಂದು ಜಾಗ ಸಿಕ್ಕಿತು. ಡ್ರಾಯರಿನ ಅಂಚಿನಿಂದ ಎದ್ದ ಬೀಟೆಯ ಸಣ್ಣ ಸಿಬಿರು, ಉಗುರಿಗಿಂತ ಚಿಕ್ಕದು, ಕ್ಲ್ಯಾಂಪ್ ಹಾಕಲು ಬರುವುದಿಲ್ಲ. ಒಂದು ಹನಿ ಸಾಕಾಯಿತು. ಹತ್ತಿ ಬಟ್ಟೆಯಲ್ಲಿ ಅದನ್ನು ಒರೆಸಲು ಹೋಗಬೇಡಿ, ಹತ್ತಿ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ.

ಹಿತ್ತಾಳೆ ಸರಳಿಗೆ ನೇರವಾಗಿ ಅಂಟು ಬೇಡ. ಸ್ಕ್ರೂ ತೂತು ದೊಡ್ಡದಾಗಿತ್ತು, ಸರೇಸು ಹಚ್ಚಿದ ಮರದ ಕಡ್ಡಿ ತುಂಬಿ ಹಳೆ ಸ್ಕ್ರೂವನ್ನೇ ಹಾಕಿದೆವು. ಡ್ರಾಯರಿನ ತಳದ ಸೀಳನ್ನು ಸರೇಸಿನಲ್ಲಿ ಸೇರಿಸಿ, ಗಾಡಿಯ ಅಂಟನ್ನೆಲ್ಲ ಕೆರೆದು, ತಳವನ್ನು ಮೊದಲಿನ ಹಾಗೆ ಸಡಿಲವಾಗಿ ಕೂರಿಸಿದೆವು.

ಒಂದು ಮಳೆಗಾಲ ಕಳೆದ ಮೇಲೆ

ಯಾವ ಜಾಗಕ್ಕೆ ಯಾವ ಅಂಟು, ಯಾವ ವರ್ಷ ಅಂತ ಒಂದು ಚೀಟಿ ಬರೆದು ಡ್ರಾಯರಿನ ಹಿಂಬದಿಗೆ ಅಂಟಿಸಿದ್ದೇವೆ. ಮುಂದೆ ಕೈ ಹಾಕುವವರು ಬಿಸಿನೀರಿನ ಹನಿ ಬಿಟ್ಟು ಊಹಿಸುತ್ತಾ ಕೂರಬೇಕಾಗಿಲ್ಲ.

ಮುಂದಿನ ಸೆಪ್ಟೆಂಬರ್‌ನಲ್ಲಿ ಹೋಗಿ ನೋಡಿದೆ. ಮಾರ್ಬಲ್ ಗೆರೆ ಹಾಗೇ ಇದೆ. ಕಾಲಿನ ಬುಡ ಗಟ್ಟಿ. ಟೈಲ್ ಸರಿ. ಸರೇಸು ಹಾಕಿದ ಕಡೆ ಬೂಷ್ಟು ಕಾಣಲಿಲ್ಲ. ಎರಡನೇ ಡ್ರಾಯರ್ ಜುಲೈಯಿಂದ ಬಿಗಿಯಾಗಿದೆ, ಹತ್ತರಿಯಲ್ಲಿ ಸ್ವಲ್ಪ ಕೀಸಿಸಲಾ ಅಂತ ಅಕ್ಕ ಕೇಳಿದರು. ಬೇಡ ಅಂದೆ. ಈಗ ತೆಗೆದ ಮರ ಮಾರ್ಚ್‌ನಲ್ಲಿ ವಾಪಸ್ ಬರುವುದಿಲ್ಲ, ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿ ಅಂದೆ. ಹಿಂದಿನ ಎಡಗಡೆಯ ಒಂದು ಜಾಯಿಂಟ್ ಕಾಗದ ತೂರುವಷ್ಟು ಬಿಟ್ಟಿತ್ತು. ಮೇಜು ಮತ್ತೆ ಗೋಡೆಗೆ ಒರಗಿತ್ತು, ಗೋಡೆಯಲ್ಲಿ ತೇವದ ಕಲೆ. ಮೇಜನ್ನು ಈಚೆಗೆ ಎಳೆದಿಟ್ಟೆವು. ಜನವರಿಯಲ್ಲಿ ಮರ ಒಣಗಿದ ಮೇಲೆ ಆ ಜಾಯಿಂಟ್‌ಗೆ ಬಿಸಿ ಕೊಟ್ಟು, ಸ್ವಲ್ಪ ಹೊಸ ಸರೇಸು ಇಳಿಸಿ, ಹಗ್ಗ ಬಿಗಿದು ರಾತ್ರಿ ಬಿಡುವುದು ಅಂತ ಆಚಾರ್ರಿಗೆ ಹೇಳಿದ್ದೇನೆ. ಬಿಚ್ಚುವ ಅಗತ್ಯವೂ ಬೀಳುವುದಿಲ್ಲ.